ಕೈಗಡ ತಂದ ಬಹುಮತ: ಕ್ರಾಂತಿಯ ನಂತರ ಈಜಿಪ್ಟಿನ ಮೊದಲ ಚುನಾಯಿತ ಸರ್ಕಾರ ಒಂದೇ ವರ್ಷದಲ್ಲಿ ಬಿದ್ದ ಕಥೆ

2012ರ ಮೇ ತಿಂಗಳಲ್ಲಿ ಈಜಿಪ್ಟಿನ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು ನಡೆದಾಗ ಮುಸ್ಲಿಂ ಬ್ರದರ್‌ಹುಡ್ ಎಂಬ ಇಸ್ಲಾಮಿ ಸಂಘಟನೆಯ ಮೊಹಮ್ಮದ್ ಮೊರ್ಸಿ ಅವರಿಗೆ ಬಿದ್ದದ್ದು ಶೇ 24.8ರಷ್ಟು ಮತ. ಜೂನ್ ತಿಂಗಳ ಎರಡನೇ ಸುತ್ತಿನಲ್ಲಿ ಅದೇ ಮನುಷ್ಯನಿಗೆ ಶೇ 51.7. ನಡುವಿನ ಅಂತರ ಸುಮಾರು 27. ಸರ್ವಾಧಿಕಾರ ಹೋಗಿ ಮೊದಲ ಸಲ ಗೆದ್ದು ಬಂದ ಸರ್ಕಾರಗಳು ಯಾಕೆ ಇಷ್ಟು ಬೇಗ ಮುಗ್ಗರಿಸುತ್ತವೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ 27ನ್ನೇ. ಆ ಮತಗಳು ಮೊರ್ಸಿ ಅವರ ಸ್ವಂತದ್ದಲ್ಲ, ಕೈಗಡ ತಂದದ್ದು. ಅದಕ್ಕೆ ಪ್ರತಿಯಾಗಿ ಮೊರ್ಸಿ ಕೆಲವು ಮಾತು ಕೊಟ್ಟಿದ್ದರು.

ಈ ಪ್ರಕರಣದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರ ಹೆಸರು ಮಾತ್ರ ಬರುತ್ತದೆ. ಅವು ಎಲ್ಲರಿಗೂ ಗೊತ್ತಿರುವ ಹೆಸರುಗಳು. ಬೀದಿಯಲ್ಲಿದ್ದವರು, ಕಚೇರಿಗಳಲ್ಲಿದ್ದವರು, ಪಕ್ಷದ ಕೆಳಹಂತದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಏನನ್ನು ಯಾವಾಗ ನಿರ್ಧರಿಸಿದರು ಅನ್ನುವುದನ್ನು ನೋಡಲು ಅವು ಬೇಕಾಗಿಲ್ಲ.

ಹಿನ್ನೆಲೆ

ಹೋಸ್ನಿ ಮುಬಾರಕ್ ಸುಮಾರು 30 ವರ್ಷ ಆಳಿದವರು. 2011ರ ಜನವರಿ 25ರಂದು ಶುರುವಾದ ಪ್ರತಿಭಟನೆ 18 ದಿನ ನಡೆಯಿತು. ಫೆಬ್ರವರಿ 11ರಂದು ಅವರು ಕೆಳಗಿಳಿದರು. ಪ್ರತಿಭಟನೆ ನಡೆದ ಕೈರೋದ ತಹ್ರೀರ್ ಚೌಕದಲ್ಲಿ ಹಬ್ಬವೋ ಹಬ್ಬ. ಆದರೆ ಹೋದದ್ದು ಒಬ್ಬ ಮನುಷ್ಯ ಮತ್ತು ಅವನ ಸುತ್ತಲಿನ ಕೆಲವರು ಅಷ್ಟೇ. ಸೇನೆ, ನ್ಯಾಯಾಲಯ, ಗೃಹ ಇಲಾಖೆ, ಸರ್ಕಾರಿ ಟಿವಿ, ಲಕ್ಷಾಂತರ ನೌಕರರ ಆಡಳಿತ ಎಲ್ಲವೂ ಇದ್ದಲ್ಲೇ ಇದ್ದವು. ಅಧಿಕಾರ ಹೋದದ್ದು ಫೀಲ್ಡ್ ಮಾರ್ಷಲ್ ತಂತಾವಿ ಅವರ ನೇತೃತ್ವದ ಸೇನಾ ಮಂಡಳಿಯ ಕೈಗೆ.

ಮುಂದಿನ ಚಳಿಗಾಲದಲ್ಲಿ ಸಂಸತ್ ಚುನಾವಣೆ ನಡೆಯಿತು. ಮುಸ್ಲಿಂ ಬ್ರದರ್‌ಹುಡ್‌ನ ಪಕ್ಷಕ್ಕೆ ಹತ್ತಿರ ಹತ್ತಿರ ಅರ್ಧದಷ್ಟು ಸ್ಥಾನ ಬಂತು. ಇದರಲ್ಲಿ ಆಶ್ಚರ್ಯವೇನಿಲ್ಲ. 1928ರಲ್ಲಿ ಹುಟ್ಟಿದ ಸಂಘಟನೆ ಅದು. ನಿಷೇಧದ ಕಾಲದಲ್ಲೂ ಊರೂರಿನಲ್ಲಿ ದವಾಖಾನೆ, ದಾನಧರ್ಮ ಅಂತ ಬೇರು ಬಿಟ್ಟಿತ್ತು. ಚೌಕದಲ್ಲಿ ಕೂಗಿದ ಹುಡುಗರಿಗೆ ಅಂಥ ಬೇರು ಇರಲಿಲ್ಲ.

ಅಧ್ಯಕ್ಷ ಹುದ್ದೆಗೆ ನಾವು ನಿಲ್ಲುವುದಿಲ್ಲ ಎಂದು ಬ್ರದರ್‌ಹುಡ್ ಮೊದಲೇ ಹೇಳಿತ್ತು. 2012ರ ಮಾರ್ಚ್‌ನಲ್ಲಿ ಆ ಮಾತು ಬದಲಾಯಿತು. ಸಂಘಟನೆಯ ಪ್ರಬಲ ನಾಯಕ ಖೈರತ್ ಅಲ್ ಶಾತಿರ್ ಕಣಕ್ಕಿಳಿದರು. ಚುನಾವಣಾ ಆಯೋಗ ಅವರನ್ನು ಅನರ್ಹಗೊಳಿಸಿತು. ಹಾಗೇನಾದರೂ ಆದರೆ ಇರಲಿ ಅಂತ ಇನ್ನೊಂದು ನಾಮಪತ್ರ ಹಾಕಿಸಿದ್ದರು. ಅದೇ ಮೊರ್ಸಿ ಅವರದ್ದು. ಕೈರೋ ಜನ ಅವರನ್ನು ಸ್ಟೆಪ್ನಿ ಎಂದೇ ಗೇಲಿ ಮಾಡಿದರು. ಹೌದು, ಗಾಡಿಯ ಹಿಂದೆ ಇಟ್ಟಿರುತ್ತೇವಲ್ಲ, ಅದೇ. ಅಮೆರಿಕದಲ್ಲಿ ಪಿಎಚ್‌ಡಿ ಮಾಡಿ ಬಂದ ಎಂಜಿನಿಯರಿಂಗ್ ಪ್ರಾಧ್ಯಾಪಕರು ಅವರು. ಆದರೂ ಆ ಹೆಸರು ಕೊನೆತನಕ ಅಂಟಿಕೊಂಡಿತು.

ಎರಡನೇ ಸುತ್ತಿನಲ್ಲಿ ಎದುರಾಳಿ ಅಹ್ಮದ್ ಶಫೀಕ್. ಮುಬಾರಕ್ ಅವರ ಕೊನೆಯ ಪ್ರಧಾನಿ, ಹಳೆಯ ವಾಯುಪಡೆ ಮುಖ್ಯಸ್ಥ. ಎಡಪಂಥೀಯರು, ಉದಾರವಾದಿಗಳು, ಚೌಕದ ಹುಡುಗರು ಪೇಚಿಗೆ ಸಿಕ್ಕಿಕೊಂಡರು. ಮೊರ್ಸಿ ಬೇಡ, ಆದರೆ ಶಫೀಕ್ ಬಂದರೆ ಕೆಟ್ಟೆವು. ಫಲಿತಾಂಶಕ್ಕೆ ಎರಡು ದಿನ ಮುಂಚೆ, ಜೂನ್ 22ರಂದು, ಕೈರೋದ ಫೇರ್‌ಮಾಂಟ್ ಹೋಟೆಲಿನಲ್ಲಿ ಮೊರ್ಸಿ ಇಂಥ ಕೆಲವರನ್ನು ಜೊತೆಗಿಟ್ಟುಕೊಂಡು ಮಾತು ಕೊಟ್ಟರು. ಪ್ರಧಾನಿ ಪಕ್ಷದ ಹೊರಗಿನವರು. ಎಲ್ಲರೂ ಇರುವ ಸರ್ಕಾರ. ಸಂವಿಧಾನ ಬರೆಯುವ ಸಭೆಯಲ್ಲಿ ಸಮತೋಲನ. ಜೂನ್ 24ರಂದು ಗೆಲುವು ಘೋಷಣೆಯಾಯಿತು.

ಕೈಗೆ ಬಂದದ್ದೇನು?

ಗೆದ್ದದ್ದೇನೋ ಸರಿ. ಆದರೆ ಕೈಗೆ ಸಿಕ್ಕಿದ ಕುರ್ಚಿಗೆ ಕಾಲುಗಳೇ ಇರಲಿಲ್ಲ. ಎರಡನೇ ಸುತ್ತಿಗೆ ಎರಡು ದಿನ ಮುಂಚೆ, ಜೂನ್ 14ರಂದು, ಸುಪ್ರೀಂ ಸಾಂವಿಧಾನಿಕ ನ್ಯಾಯಾಲಯ ಚುನಾವಣಾ ಕಾನೂನಿನ ದೋಷ ಹೇಳಿ ಸಂಸತ್ತಿನ ಕೆಳಮನೆಯನ್ನೇ ರದ್ದು ಮಾಡಿತ್ತು. ಜೂನ್ 17ರಂದು, ಮತದಾನ ಮುಗಿಯುತ್ತಿದ್ದಂತೆ, ಸೇನಾ ಮಂಡಳಿ ಒಂದು ಘೋಷಣೆ ಹೊರಡಿಸಿತು. ಕಾನೂನು ಮಾಡುವ ಅಧಿಕಾರ ನಮ್ಮದು, ಸೇನೆಯ ವಿಷಯವೆಲ್ಲ ನಮ್ಮದು ಎಂದಿತು. ಅಂದರೆ ಹೊಸ ಅಧ್ಯಕ್ಷರಿಗೆ ಸಂಸತ್ತಿಲ್ಲ, ಸಂವಿಧಾನವಿಲ್ಲ, ಸೇನೆಯ ಮೇಲೆ ಹಿಡಿತವಿಲ್ಲ. ಪೊಲೀಸರು 2011ರ ಅವಮಾನದ ನಂತರ ಅರ್ಧ ಕೆಲಸವನ್ನೇ ಬಿಟ್ಟಿದ್ದರು. ವಿದೇಶಿ ವಿನಿಮಯ ಕ್ರಾಂತಿಗೆ ಮುಂಚೆ 3,600 ಕೋಟಿ ಡಾಲರ್ ಇದ್ದದ್ದು ಅರ್ಧಕ್ಕಿಂತ ಕೆಳಗೆ ಬಂದಿತ್ತು.

ಇಷ್ಟರ ಮೇಲೆ ಅವರೇ ಒಂದು ಹೊರೆ ಹೊತ್ತುಕೊಂಡರು. 100 ದಿನದಲ್ಲಿ ಟ್ರಾಫಿಕ್, ರೊಟ್ಟಿ, ಇಂಧನ, ಭದ್ರತೆ, ಕಸ ಐದನ್ನೂ ಸರಿಮಾಡುತ್ತೇನೆ ಎಂದರು. ಕೈರೋದ ಟ್ರಾಫಿಕ್ಕನ್ನು 100 ದಿನದಲ್ಲಿ! ಬೆಂಗಳೂರಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಯುವಕರು ಒಂದು ವೆಬ್‌ಸೈಟ್ ಮಾಡಿ 64 ಭರವಸೆಗಳನ್ನು ಪಟ್ಟಿಮಾಡಿ ದಿನದಿನವೂ ಲೆಕ್ಕ ಹಾಕತೊಡಗಿದರು.

ಮೊರ್ಸಿ ಅವರ ಮುಂದೆ ಎರಡು ದಾರಿಗಳಿದ್ದವು. ಒಂದು, ಮತ ಕೊಟ್ಟ ಆ ಹೊರಗಿನವರನ್ನು ಒಳಗೆ ಕೂರಿಸಿಕೊಂಡು, ಅವರ ಬಲದಿಂದ ಹಳೆಯ ವ್ಯವಸ್ಥೆಯನ್ನು ಎದುರಿಸುವುದು. ಇನ್ನೊಂದು, ಹಳೆಯ ವ್ಯವಸ್ಥೆಯ ಜೊತೆಗೇ, ಮುಖ್ಯವಾಗಿ ಸೇನೆಯ ಜೊತೆ, ಹೊಂದಾಣಿಕೆ ಮಾಡಿಕೊಂಡು ಉಳಿದವರನ್ನು ಕಡೆಗಣಿಸುವುದು. ಮೊದಲನೆಯದು ತಲೆನೋವಿನ ದಾರಿ. ದಿನಾ ಜಗಳ, ಕೂತು ಮಾತಾಡುವುದು, ಪಾಲು ಕೊಡುವುದು. ಎರಡನೆಯದು ನೋಡಲು ಸುಲಭ.

ಆಗಸ್ಟ್: ದಾರಿ ತಪ್ಪಿಸಿದ ಗೆಲುವು

ಪ್ರಧಾನಿಯಾಗಿ ನೀರಾವರಿ ಸಚಿವರಾಗಿದ್ದ ಹಿಶಾಂ ಕಂದೀಲ್ ಬಂದರು. ಪಕ್ಷದವರಲ್ಲ, ನಿಜ. ಆದರೆ ಸ್ವಂತ ಬಲವಿದ್ದವರೂ ಅಲ್ಲ. ಒಬ್ಬ ಮಹಿಳೆ ಮತ್ತು ಒಬ್ಬ ಕಾಪ್ಟಿಕ್ ಕ್ರೈಸ್ತ ಉಪಾಧ್ಯಕ್ಷರಾಗುತ್ತಾರೆ ಅಂತಿದ್ದದ್ದು ಕಡೆಗೆ ಸಹಾಯಕರ ಮಟ್ಟಕ್ಕೆ ಇಳಿಯಿತು. ಉಪಾಧ್ಯಕ್ಷರಾದದ್ದು ಒಬ್ಬ ನ್ಯಾಯಾಧೀಶರು. ಕೈಗಡದ ಮೊದಲ ಕಂತು ಹೀಗೆ ತಪ್ಪಿತು. ಆಗ ಯಾರೂ ದೊಡ್ಡ ಗಲಾಟೆ ಮಾಡಲಿಲ್ಲ.

ಆಗಸ್ಟ್ 5ರಂದು ಸಿನಾಯ್ ಗಡಿಯ ರಫಾ ಹತ್ತಿರ ಉಗ್ರರು 16 ಸೈನಿಕರನ್ನು ಕೊಂದರು. ಸೇನೆಯ ಮೇಲ್ಮಟ್ಟದವರಿಗೆ ಮುಖಭಂಗವಾಗಿತ್ತು. ಒಂದು ವಾರದಲ್ಲೇ, ಆಗಸ್ಟ್ 12ರಂದು, ಮೊರ್ಸಿ ತಂತಾವಿ ಅವರನ್ನೂ ಸೇನಾ ಮುಖ್ಯಸ್ಥ ಸಾಮಿ ಅನಾನ್ ಅವರನ್ನೂ ನಿವೃತ್ತಿಗೆ ಕಳಿಸಿದರು. ಜೂನ್ 17ರ ಘೋಷಣೆಯನ್ನು ರದ್ದು ಮಾಡಿದರು. ಸೇನಾ ಗುಪ್ತಚರ ವಿಭಾಗದ ಮುಖ್ಯಸ್ಥರಾಗಿದ್ದ ಅಬ್ದೆಲ್ ಫತ್ತಾ ಅಲ್ ಸಿಸಿ ಅವರನ್ನು ರಕ್ಷಣಾ ಸಚಿವರನ್ನಾಗಿ ಮಾಡಿದರು. ಸ್ಟೆಪ್ನಿ ಎಂದವರೂ ಭೇಷ್ ಎಂದರು.

ನನ್ನ ಪ್ರಕಾರ ಇಡೀ ವರ್ಷದಲ್ಲಿ ಅತಿ ಹೆಚ್ಚು ದಾರಿ ತಪ್ಪಿಸಿದ್ದು ಈ ಗೆಲುವೇ. ಸೇನೆಯೊಳಗಿನ ಕಿರಿಯ ತಲೆಮಾರು ಹಿರಿಯರ ಜಾಗಕ್ಕೆ ಬಂದದ್ದನ್ನು ಸೇನೆಯೇ ನಾಗರಿಕರ ಕೈಗೆ ಬಂತು ಅಂತ ಓದಿಕೊಂಡರು. ವರ್ಷದ ಕೊನೆಗೆ ಬಂದ ಸಂವಿಧಾನ ನೋಡಿದರೆ ಸೇನೆಗೆ ಸಿಕ್ಕಿದ್ದು ಗೊತ್ತಾಗುತ್ತದೆ. ರಕ್ಷಣಾ ಸಚಿವ ಸೇನಾಧಿಕಾರಿಯೇ ಆಗಿರಬೇಕು. ಸೇನೆಯ ಬಜೆಟ್ ಸಂಸತ್ತಿನ ಮುಂದಲ್ಲ, ರಾಷ್ಟ್ರೀಯ ರಕ್ಷಣಾ ಮಂಡಳಿಯ ಮುಂದೆ. ಕೆಲವು ಪ್ರಕರಣಗಳಲ್ಲಿ ನಾಗರಿಕರನ್ನೂ ಸೇನಾ ನ್ಯಾಯಾಲಯಕ್ಕೆ ಎಳೆಯಬಹುದು. ಇಷ್ಟು ಕೊಟ್ಟ ಮೇಲೆ ಅವರು ನಮ್ಮ ಜೊತೆ ಇರುತ್ತಾರೆ ಅನ್ನುವ ನಂಬಿಕೆ. ಹೋಟೆಲಿನಲ್ಲಿ ಜೊತೆ ಕೂತವರಿಗೆ ಇದರ ಅರ್ಧದಷ್ಟು ಧಾರಾಳವನ್ನೂ ತೋರಿಸಲಿಲ್ಲ.

ನವೆಂಬರ್ 22

ತಿರುವು ಇಲ್ಲಿದೆ. ನವೆಂಬರ್ 21ರಂದು ಗಾಜಾ ಕದನವಿರಾಮ ಮಾಡಿಸಿ ಮೊರ್ಸಿ ಜಗತ್ತಿನ ಮೆಚ್ಚುಗೆ ಪಡೆದರು. ಮರುದಿನವೇ ಒಂದು ಸಾಂವಿಧಾನಿಕ ಘೋಷಣೆ ಹೊರಡಿಸಿದರು. ಹೊಸ ಸಂವಿಧಾನ ಬರುವ ತನಕ ಅಧ್ಯಕ್ಷರ ಯಾವ ಆದೇಶವನ್ನೂ ನ್ಯಾಯಾಲಯ ಪ್ರಶ್ನಿಸುವಂತಿಲ್ಲ. ಸಂವಿಧಾನ ಸಭೆಯನ್ನಾಗಲಿ ಮೇಲ್ಮನೆಯನ್ನಾಗಲಿ ಯಾವ ನ್ಯಾಯಾಲಯವೂ ವಿಸರ್ಜಿಸುವಂತಿಲ್ಲ. ಮುಬಾರಕ್ ಕಾಲದ ಮುಖ್ಯ ಅಭಿಯೋಜಕರೂ ಮನೆಗೆ.

ಅವರ ಭಯ ಸುಮ್ನೆ ಹುಟ್ಟಿದ್ದಲ್ಲ, ಇದನ್ನು ಒಪ್ಪಬೇಕು. ಅದೇ ನ್ಯಾಯಾಲಯ ಜೂನ್‌ನಲ್ಲಿ ಸಂಸತ್ತನ್ನು ನುಂಗಿತ್ತು. ಡಿಸೆಂಬರ್ 2ರಂದು ಸಂವಿಧಾನ ಸಭೆಯ ಹಣೆಬರಹವೂ ಅದರ ಮುಂದೆ ಬರುವುದಿತ್ತು. ಆದರೆ ಆ ಹೊತ್ತಿಗೆ ಸಭೆಯಿಂದ ಉದಾರವಾದಿಗಳು, ಚರ್ಚಿನ ಪ್ರತಿನಿಧಿಗಳು ಎದ್ದು ಹೋಗಿದ್ದರು. ಎದ್ದು ಹೋದವರನ್ನು ವಾಪಸ್ ಕರೆತಂದು ನ್ಯಾಯಾಲಯದ ಮುಂದೆ ಒಟ್ಟಾಗಿ ನಿಲ್ಲುವ ದಾರಿ ಇತ್ತು. ಅದರ ಬದಲು ಅಧ್ಯಕ್ಷರು ಒಬ್ಬರೇ ಎಲ್ಲದರ ಮೇಲೆ ನಿಂತರು.

ಮುಂದಿನ ದೃಶ್ಯ ಟಿವಿಯಲ್ಲೇ ಎಲ್ಲರೂ ನೋಡಿದ್ದು. ನವೆಂಬರ್ 29ರಂದು ಸಂವಿಧಾನ ಸಭೆ ಕೂತಿತು. 230ಕ್ಕೂ ಜಾಸ್ತಿ ವಿಧಿಗಳು. ಒಂದೊಂದನ್ನೇ ಓದುವುದು, ಕೈ ಎತ್ತುವುದು, ಮುಂದಿನದು. ರಾತ್ರಿಯೆಲ್ಲ ನಡೆದು ಬೆಳಗಿನ ಜಾವಕ್ಕೆ ಮುಗಿಯಿತು. ಒಂದು ದೇಶದ ಸಂವಿಧಾನ, ಹಲವು ಕುರ್ಚಿ ಖಾಲಿ, ಉಳಿದವರಿಗೆ ತೂಕಡಿಕೆ. ಡಿಸೆಂಬರ್ 5ರಂದು ಅಧ್ಯಕ್ಷರ ಇತ್ತಿಹಾದಿಯಾ ಅರಮನೆಯ ಹೊರಗೆ ಧರಣಿ ಕೂತಿದ್ದವರ ಮೇಲೆ ಬ್ರದರ್‌ಹುಡ್ ಕಾರ್ಯಕರ್ತರೇ ಮುಗಿಬಿದ್ದರು. ಎರಡೂ ಕಡೆ ಸಾವು. ಸತ್ತವರಲ್ಲಿ ಜಾಸ್ತಿ ಜನ ಬ್ರದರ್‌ಹುಡ್‌ನವರೇ ಎಂದು ಆ ಪಕ್ಷ ಹೇಳಿತು. ಆದರೆ ಸರ್ಕಾರ ನಡೆಸುವ ಪಕ್ಷ ಪೊಲೀಸರ ಕೆಲಸವನ್ನು ತನ್ನ ಕಾರ್ಯಕರ್ತರ ಕೈಗೆ ಕೊಟ್ಟಿತು ಎನ್ನುವುದೇ ಜನರ ಮನಸ್ಸಿನಲ್ಲಿ ಉಳಿದದ್ದು. ಸಲಹೆಗಾರರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು.

ಡಿಸೆಂಬರ್ 8ರಂದು ಘೋಷಣೆ ವಾಪಸ್ ಪಡೆದರು. ಜನಮತಗಣನೆ ಮಾತ್ರ ನಿಲ್ಲಲಿಲ್ಲ. ಶೇ 63.8 ಮಂದಿ ಹೌದು ಎಂದರು. ಮತ ಹಾಕಿದವರು ಮೂರರಲ್ಲಿ ಒಬ್ಬರು. ಸರ್ಕಾರ ಮೊದಲ ಅಂಕಿಯನ್ನು ನೋಡಿತು. ಉಳಿದವರೆಲ್ಲ ಎರಡನೆಯದನ್ನು ನೋಡಿದರು.

ಆದೇಶ ಹೊರಡುತ್ತಿತ್ತು, ನಡೆಯುತ್ತಿರಲಿಲ್ಲ

2013ರ ಜನವರಿ ಕೊನೆಯಲ್ಲಿ ಒಂದು ನ್ಯಾಯಾಲಯದ ತೀರ್ಪಿನ ನಂತರ ಪೋರ್ಟ್ ಸೈದ್‌ನಲ್ಲಿ ಗಲಭೆಯಾಗಿ ಹತ್ತಾರು ಜನ ಸತ್ತರು. ಮೊರ್ಸಿ ಸುಯೆಜ್ ಕಾಲುವೆಯ ಮೂರು ನಗರಗಳಿಗೆ ತುರ್ತು ಪರಿಸ್ಥಿತಿ ಹೇರಿ ರಾತ್ರಿ 9ರಿಂದ ಕರ್ಫ್ಯೂ ಹಾಕಿದರು. ಜನ ಏನು ಮಾಡಿದರು ಗೊತ್ತಾ? ಸರಿಯಾಗಿ ಕರ್ಫ್ಯೂ ಹೊತ್ತಿಗೆ ಬೀದಿಗಿಳಿದು ಫುಟ್‌ಬಾಲ್ ಆಡಿದರು. ಸೈನಿಕರು ತಡೆಯಲು ಹೋಗಲಿಲ್ಲ. ಅಧ್ಯಕ್ಷರ ಆದೇಶಕ್ಕೆ ಎಷ್ಟು ಬೆಲೆ ಉಳಿದಿದೆ ಎಂದು ತೋರಿಸಲು ಇದಕ್ಕಿಂತ ಬೇರೆ ಸಮೀಕ್ಷೆ ಬೇಕಾ?

ಹಣದ ವಿಷಯವೂ ಅಷ್ಟೇ. ಐಎಂಎಫ್ ಜೊತೆ 480 ಕೋಟಿ ಡಾಲರ್ ಸಾಲದ ಮಾತುಕತೆ ನವೆಂಬರ್‌ನಲ್ಲಿ ಹದಕ್ಕೆ ಬಂದಿತ್ತು. ಅದಕ್ಕಾಗಿ ಡಿಸೆಂಬರ್‌ನಲ್ಲಿ ತೆರಿಗೆ ಏರಿಸಿದರು. ಕೂಗಾಟ ಎದ್ದದ್ದೇ ತಡ, ಬೆಳಗಾಗುವ ಮುಂಚೆ ಅಧ್ಯಕ್ಷರ ಫೇಸ್‌ಬುಕ್ ಪುಟದಲ್ಲಿ ಅದನ್ನು ತಡೆಹಿಡಿದ ಸುದ್ದಿ. ಸಾಲವೂ ಬರಲಿಲ್ಲ. ಕಹಿ ಮಾತ್ರೆ ನುಂಗಿಸಬೇಕಾದರೆ ವಿರೋಧಿಗಳೂ ಅದರ ಹೊಣೆ ಹೊರಬೇಕು. ಅವರನ್ನು ಹೊರಗಿಟ್ಟ ಸರ್ಕಾರ ಬೆಲೆ ಏರಿಸಿದರೆ ಬೈಗುಳವೆಲ್ಲ ಅದೊಂದರ ಪಾಲಿಗೇ.

ಎಲ್ಲವೂ ಕೆಟ್ಟದ್ದೇ ಆಗಿರಲಿಲ್ಲ. ಜನವರಿಯಲ್ಲಿ ಬಂದ ಪಡಿತರ ಸಚಿವ ಬಾಸಿಂ ಔದಾ ಬೇಕರಿ ಬೇಕರಿ ಸುತ್ತಿ ಸಬ್ಸಿಡಿ ಹಿಟ್ಟಿನ ಕಳ್ಳಸಾಗಣೆಗೆ ಕೈಹಾಕಿದರು. ಬಡವರ ರೊಟ್ಟಿಯ ಹಿಟ್ಟು ಕಾಳಸಂತೆಗೆ ಹೋಗುವುದು ಅಲ್ಲಿನ ಹಳೆಯ ರೋಗ. ಬ್ರದರ್‌ಹುಡ್ ಕಂಡರೆ ಆಗದವರೂ ಈ ಮನುಷ್ಯನನ್ನು ಮೆಚ್ಚಿಕೊಂಡರು. ಇಂಥವರು ಇನ್ನೂ ನಾಲ್ಕು ಜನ ಇದ್ದಿದ್ದರೆ ಅನಿಸುತ್ತದೆ, ಆದರೆ ಆ ಹೊತ್ತಿಗೆ ತಡವಾಗಿತ್ತು.

ಜೂನ್ 3ರಂದು ನಡೆದದ್ದನ್ನು ನೆನೆದರೆ ಈಗಲೂ ನಗುವುದೋ ಅಳುವುದೋ ತಿಳಿಯುವುದಿಲ್ಲ. ನೈಲ್ ನದಿಗೆ ಇಥಿಯೋಪಿಯಾ ಕಟ್ಟುತ್ತಿದ್ದ ಅಣೆಕಟ್ಟಿನ ಬಗ್ಗೆ ಅಧ್ಯಕ್ಷರು ರಾಜಕಾರಣಿಗಳ ಸಭೆ ಕರೆದಿದ್ದರು. ಅಲ್ಲಿನ ಬಂಡುಕೋರರಿಗೆ ಬೆಂಬಲ ಕೊಡೋಣ ಅಂತ ಒಬ್ಬರು, ಯುದ್ಧವಿಮಾನ ಕೊಳ್ಳುತ್ತಿದ್ದೇವೆ ಅಂತ ಸುದ್ದಿ ಹಬ್ಬಿಸೋಣ ಅಂತ ಇನ್ನೊಬ್ಬರು. ಇದೆಲ್ಲ ಟಿವಿಯಲ್ಲಿ ನೇರಪ್ರಸಾರವಾಗುತ್ತಿತ್ತು. ಕೂತಿದ್ದವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅಧ್ಯಕ್ಷರ ಸಹಾಯಕಿ ಆಮೇಲೆ ಕ್ಷಮೆ ಕೇಳಿದರು.

ಎರಡು ವಾರದ ನಂತರ 17 ಪ್ರಾಂತ್ಯಗಳಿಗೆ ಹೊಸ ಗವರ್ನರ್‌ಗಳ ಪಟ್ಟಿ ಬಂತು. ಲಕ್ಸರ್‌ಗೆ ನೇಮಿಸಿದ್ದು ಗಮಾ ಇಸ್ಲಾಮಿಯಾ ಸಂಘಟನೆಯ ರಾಜಕೀಯ ಪಕ್ಷದ ಒಬ್ಬರನ್ನು. ಅದೇ ಸಂಘಟನೆಯ ಉಗ್ರರು 1997ರಲ್ಲಿ ಅದೇ ಲಕ್ಸರ್‌ನಲ್ಲಿ 58 ಪ್ರವಾಸಿಗರನ್ನು ಕೊಂದಿದ್ದರು. ಊರಿನ ಹೊಟ್ಟೆಪಾಡೇ ಪ್ರವಾಸೋದ್ಯಮ. ಗೈಡುಗಳು, ಹೋಟೆಲಿನವರು ಬೀದಿಗೆ ಬಂದರು. ಪ್ರವಾಸೋದ್ಯಮ ಸಚಿವರು ರಾಜೀನಾಮೆ ಬರೆದುಕೊಟ್ಟರು. ಒಂದು ವಾರದಲ್ಲೇ ಗವರ್ನರ್ ಹೊರಗೆ. ಉಳಿದಿದ್ದ ಮಿತ್ರರನ್ನು ಸಂತೋಷಪಡಿಸಲು ಮಾಡಿದ ನೇಮಕ ಅದು. ಹೊರಗಿನವರನ್ನೆಲ್ಲ ಕಳಕೊಂಡ ಮೇಲೆ ಮಿತ್ರರು ಅಂತ ಉಳಿದದ್ದು ಅಂಥವರೇ.

ಕೊನೆಯ ವಾರ

ಏಪ್ರಿಲ್ ಕೊನೆಯಲ್ಲಿ ಕೆಲವು ಯುವಕರು ತಮರ್ರುದ್ ಎಂಬ ಸಹಿ ಚಳವಳಿ ಶುರುಮಾಡಿದ್ದರು. ಅಧ್ಯಕ್ಷರು ಇಳಿಯಲಿ, ಬೇಗ ಚುನಾವಣೆ ನಡೆಯಲಿ ಎನ್ನುವುದಷ್ಟೇ ಬೇಡಿಕೆ. 2.2 ಕೋಟಿ ಸಹಿ ಬಂತು ಎಂದು ಅವರು ಹೇಳಿಕೊಂಡರು. ಯಾರೂ ಎಣಿಸಿ ನೋಡಲಿಲ್ಲ. ಜೂನ್ ತಿಂಗಳಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸಾಲು, ಊರೆಲ್ಲ ಕರೆಂಟ್ ಕಟ್. ಮೊರ್ಸಿ ಪ್ರಮಾಣವಚನಕ್ಕೆ ಒಂದು ವರ್ಷ ತುಂಬಿದ ಜೂನ್ 30ರಂದು ದೇಶದ ಎಲ್ಲ ದೊಡ್ಡ ನಗರಗಳಲ್ಲೂ ಜನಸಾಗರ. ಆ ರಾತ್ರಿ ಕೈರೋದಲ್ಲಿ ಬ್ರದರ್‌ಹುಡ್ ಕೇಂದ್ರ ಕಚೇರಿಗೆ ಬೆಂಕಿ ಬಿತ್ತು. ಕಾಯಬೇಕಾದ ಪೊಲೀಸರು ಬರಲಿಲ್ಲ.

ಜುಲೈ 1ರಂದು ಸೇನೆ 48 ಗಂಟೆ ಗಡುವು ಕೊಟ್ಟಿತು. ಮರುದಿನ ರಾತ್ರಿ ಮೊರ್ಸಿ ಟಿವಿಯಲ್ಲಿ ನನ್ನದು ಕಾನೂನುಬದ್ಧ ಅಧಿಕಾರ ಎಂದು ಮತ್ತೆ ಮತ್ತೆ ಹೇಳಿದರು. ಜುಲೈ 3ರ ಮಧ್ಯಾಹ್ನ ಅಧ್ಯಕ್ಷರ ಕಚೇರಿ ಒಂದು ಹೇಳಿಕೆ ಕೊಟ್ಟಿತು. ಎಲ್ಲರೂ ಇರುವ ಸರ್ಕಾರ ಮಾಡೋಣ, ಸಂಸತ್ ಚುನಾವಣೆ ನಡೆಸೋಣ, ಸಂವಿಧಾನ ತಿದ್ದಲು ಸಮಿತಿ ಮಾಡೋಣ. ಒಂದು ವರ್ಷ ಹಿಂದೆ ಹೋಟೆಲಿನಲ್ಲಿ ಕೊಟ್ಟ ಮಾತೇ ಹೆಚ್ಚುಕಡಿಮೆ ಅದು. ಕೆಲವೇ ಗಂಟೆಗಳಲ್ಲಿ ಸಿಸಿ ಟಿವಿಗೆ ಬಂದರು. ಪಕ್ಕದಲ್ಲಿ ಇಸ್ಲಾಮಿ ವಿದ್ಯಾಪೀಠ ಅಲ್ ಅಝರ್‌ನ ಶೇಖ್, ಕಾಪ್ಟಿಕ್ ಪೋಪ್, ವಿರೋಧ ಪಕ್ಷಗಳ ನಾಯಕ ಮೊಹಮ್ಮದ್ ಅಲ್ ಬರಾದಿ, ಕಟ್ಟಾ ಇಸ್ಲಾಮಿಗಳಾದ ಸಲಫಿಗಳ ಪಕ್ಷದ ಪ್ರತಿನಿಧಿ. ಮೊರ್ಸಿ ಬಂಧನದಲ್ಲಿ.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಸೌದಿ, ಯುಎಇ, ಕುವೈತ್ ಸೇರಿ ಕೆಲವೇ ದಿನಗಳಲ್ಲಿ 1,200 ಕೋಟಿ ಡಾಲರ್ ನೆರವು ಘೋಷಿಸಿದವು. ಪೆಟ್ರೋಲ್ ಸಾಲುಗಳು ಅಚಾನಕ್ಕಾಗಿ ಮಾಯ. ಆಗಸ್ಟ್ 14ರಂದು ಕೈರೋದ ರಬಾ ಚೌಕದಲ್ಲಿ ಮೊರ್ಸಿ ಬೆಂಬಲಿಗರು ಕೂತಿದ್ದ ಧರಣಿಯ ಮೇಲೆ ಪೊಲೀಸರು ಮತ್ತು ಸೇನೆ ನುಗ್ಗಿದರು. ಒಂದೇ ದಿನ ಕನಿಷ್ಠ 817 ಜನ ಸತ್ತರು ಎಂದು ಹ್ಯೂಮನ್ ರೈಟ್ಸ್ ವಾಚ್ ಲೆಕ್ಕ ಹಾಕಿದೆ. ಮೊರ್ಸಿ ನಂತರದ ಹಂಗಾಮಿ ಸರ್ಕಾರದಲ್ಲಿ ಉಪಾಧ್ಯಕ್ಷರಾಗಿದ್ದ ಅಲ್ ಬರಾದಿ ಅದೇ ದಿನ ರಾಜೀನಾಮೆ ಕೊಟ್ಟರು. ಮೊರ್ಸಿ 2019ರ ಜೂನ್‌ನಲ್ಲಿ ನ್ಯಾಯಾಲಯದಲ್ಲೇ ಕುಸಿದು ತೀರಿಕೊಂಡರು.

ಇದರಿಂದ ಏನು ತಿಳಿಯುತ್ತದೆ?

ಸೋಲಿಗೆ ಎರಡು ವಿವರಣೆ ಚಾಲ್ತಿಯಲ್ಲಿವೆ. ಒಂದು, ಬ್ರದರ್‌ಹುಡ್‌ಗೆ ಪ್ರಜಾಪ್ರಭುತ್ವ ಒಗ್ಗಲಿಲ್ಲ. ಇನ್ನೊಂದು, ಹಳೆಯ ವ್ಯವಸ್ಥೆ ಮೊದಲ ದಿನದಿಂದಲೇ ಸಂಚು ಮಾಡಿತು. ಎರಡರಲ್ಲೂ ಸತ್ಯವಿದೆ. ಆದರೆ ಎರಡೂ ಒಂದು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಸೇನೆಗೆ ಇದು ಇಷ್ಟು ಸಲೀಸಾದದ್ದು ಹೇಗೆ?

2011ರ ನವೆಂಬರ್‌ನಲ್ಲಿ ಸೇನಾ ಮಂಡಳಿ ಅಧಿಕಾರಕ್ಕೆ ಅಂಟಿಕೊಳ್ಳಲು ನೋಡಿದಾಗ ಇದೇ ಕೈರೋದ ಮೊಹಮ್ಮದ್ ಮಹಮೂದ್ ಬೀದಿಯಲ್ಲಿ ಯುವಕರು ಕಣ್ಣು ಕಳಕೊಂಡು, ಪ್ರಾಣ ಕೊಟ್ಟು ಎದುರಿಸಿದ್ದರು. ಸೇನೆ ಚುನಾವಣೆಯ ದಿನಾಂಕ ಹೇಳಲೇಬೇಕಾಯಿತು. 2013ರ ಜೂನ್ 30ರಂದು ಅದೇ ನಗರದಲ್ಲಿ ಜನ ಪೊಲೀಸರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಈ ನಡುವೆ ಸೇನೆ ಬದಲಾಗಿರಲಿಲ್ಲ. ಸೇನೆಯನ್ನು ತಡೆಯಬಲ್ಲವರು ಸರ್ಕಾರದ ಕೈಬಿಟ್ಟಿದ್ದರು. ಆ 27 ಪಾಲು ಮತದಲ್ಲಿ ಇದ್ದವರು ಅವರೇ. ಚುನಾವಣೆ ಗೆಲ್ಲುವುದಕ್ಕಷ್ಟೇ ಅಲ್ಲ, ಮುಂದೆ ಟ್ಯಾಂಕ್ ಬಂದಾಗ ಅಡ್ಡ ನಿಲ್ಲುವುದಕ್ಕೂ ಅವರು ಬೇಕಿತ್ತು.

ವಿರೋಧ ಪಕ್ಷಗಳನ್ನೂ ಸುಮ್ಮನೆ ಬಿಡುವಂತಿಲ್ಲ. ಮಾತುಕತೆಗೆ ಕರೆದಾಗ ಬಹಳ ಸಲ ಹೋಗಲಿಲ್ಲ. ಸಂಸತ್ ಚುನಾವಣೆ ಬಹಿಷ್ಕರಿಸುತ್ತೇವೆ ಎಂದರು. ಆ ಚುನಾವಣೆಯನ್ನೂ 2013ರ ಮಾರ್ಚ್‌ನಲ್ಲಿ ನ್ಯಾಯಾಲಯ ತಡೆಹಿಡಿಯಿತು. ಸಂಸತ್ತಿಲ್ಲದ ದೇಶದಲ್ಲಿ ವಿರೋಧಕ್ಕೆ ಬೀದಿ ಬಿಟ್ಟರೆ ಬೇರೆ ಜಾಗವಿಲ್ಲ, ಅಲ್ವಾ? ಹಾಗಾಗಿ ಮೊರ್ಸಿ ಮಾಡಬಹುದಾಗಿದ್ದ ಅತಿ ದೊಡ್ಡ ಕೆಲಸ ನನ್ನ ಮಟ್ಟಿಗೆ ಟ್ರಾಫಿಕ್ಕೂ ಅಲ್ಲ, ಕಸವೂ ಅಲ್ಲ. ಎಲ್ಲರೂ ಒಪ್ಪುವ ಚುನಾವಣಾ ಕಾನೂನು ಮಾಡಿ ಮೊದಲ ಆರು ತಿಂಗಳಲ್ಲೇ ಒಂದು ಸಂಸತ್ತು ಕೂರಿಸುವುದು. ತಮಗೆ ಸ್ಥಾನ ಕಡಿಮೆಯಾದರೂ ಸರಿ.

ಟುನೀಶಿಯಾದಲ್ಲಿ ಅದೇ ಬೇಸಿಗೆಯಲ್ಲಿ ಪರಿಸ್ಥಿತಿ ಹೀಗೇ ಇತ್ತು. ಇಬ್ಬರು ವಿರೋಧ ಪಕ್ಷದ ನಾಯಕರ ಕೊಲೆಯಾಗಿತ್ತು. ಸರ್ಕಾರ ನಡೆಸುತ್ತಿದ್ದ ಎನ್ನಹ್ದಾ ಎಂಬ ಇಸ್ಲಾಮಿ ಪಕ್ಷದ ವಿರುದ್ಧ ಜನ ಬೀದಿಯಲ್ಲಿದ್ದರು. ಆಗಸ್ಟ್‌ನಲ್ಲಿ ಆ ಪಕ್ಷದ ನಾಯಕ ರಾಶಿದ್ ಘನ್ನೂಶಿ ಪ್ಯಾರಿಸ್‌ಗೆ ಹೋಗಿ ತಮ್ಮ ಕಡು ಎದುರಾಳಿ ಬೇಜಿ ಕೈದ್ ಎಸ್ಸೆಬ್ಸಿ ಜೊತೆ ಮಾತಿಗೆ ಕೂತರು. ಕಾರ್ಮಿಕ ಸಂಘದ ಮುಂದಾಳತ್ವದಲ್ಲಿ ನಾಲ್ಕು ಸಂಸ್ಥೆಗಳು ನಡುವೆ ನಿಂತವು. 2014ರ ಜನವರಿಯಲ್ಲಿ 216 ಸದಸ್ಯರಲ್ಲಿ 200 ಮಂದಿ ಒಪ್ಪಿದ ಸಂವಿಧಾನ ಬಂತು. ಎನ್ನಹ್ದಾ ಪ್ರಧಾನಿ ಕುರ್ಚಿ ಬಿಟ್ಟರು. ವರ್ಷದ ಕೊನೆಯ ಚುನಾವಣೆಯಲ್ಲಿ ಪಕ್ಷ ಸೋತು, ಗೆದ್ದವರ ಸರ್ಕಾರದಲ್ಲಿ ಒಂದೇ ಒಂದು ಸಚಿವ ಸ್ಥಾನಕ್ಕೆ ಒಪ್ಪಿಕೊಂಡಿತು.

ಇದನ್ನು ಹಾಗೇ ಎತ್ತಿ ಕೈರೋಗೆ ತರಲಾಗದು. ಟುನೀಶಿಯಾದ ಸೇನೆ ಚಿಕ್ಕದು. ಈಜಿಪ್ಟಿನ ಸೇನೆಯಂತೆ ಕಾರ್ಖಾನೆ, ಜಮೀನು, ನೀರಿನ ಬಾಟಲಿಯ ವ್ಯಾಪಾರ ಅದಕ್ಕಿಲ್ಲ. ಅಂಥ ಕಾರ್ಮಿಕ ಸಂಘವೂ ಈಜಿಪ್ಟಿನಲ್ಲಿರಲಿಲ್ಲ. ಟುನೀಶಿಯಾದಲ್ಲೂ 2021ರ ಜುಲೈನಲ್ಲಿ ಅಧ್ಯಕ್ಷ ಕೈಸ್ ಸೈಯದ್ ಸಂಸತ್ತಿಗೆ ಬೀಗ ಹಾಕಿದರು. ಘನ್ನೂಶಿ ಈಗ ಶಿಕ್ಷೆಗೊಳಗಾದವರು. ಆದರೂ ಆ ಸಂವಿಧಾನ ಬಂದ ಮೇಲೆ ಅಲ್ಲಿನ ಜನರಿಗೆ ಏಳು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿತು. 2014ರಲ್ಲೂ 2019ರಲ್ಲೂ ಚುನಾವಣೆ ನಡೆದು ಎರಡು ಸಲ ಅಧಿಕಾರ ಕೈಬದಲಾಯಿತು. ಈಜಿಪ್ಟಿನವರಿಗೆ ಸಿಕ್ಕಿದ್ದು ಒಂದು ವರ್ಷ, ಮೂರು ದಿನ.